ಉಡಿಕಿಗೆ ನಾನು ಕೊಟ್ಟ ಇಂಗ್ಲಿಷ್

ನನಗೆ ಇಂಗ್ಲಿಷ್ ಬರುತ್ತದೆ ಅನ್ನುವುದರ ಬಗ್ಗೆ ಆ ಕಾಲದಲ್ಲಿ ನಮ್ಮ ಓಣಿಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ನನಗಂತೂ ಎಳ್ಳಷ್ಟೂ ಇರಲಿಲ್ಲ. ಅಪ್ಪ ಸಾಲಿ ಮಾಸ್ತರ. ಅವರ ವರ್ಗಾವಣೆಯ ಹಿಂದೆ ನಾವು ಗಂಟು-ಮೂಟೆ ಕಟ್ಟಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ನಾಲ್ಕೂ ತಾಲೂಕಿನ ನೀರು ಕುಡಿದವರು. ಪ್ರತಿ ಊರಿನಲ್ಲೂ ಸಾಲಿ ಹೊಸದು, ಗೆಳತಿಯರು ಹೊಸಬರು, ಇಂಗ್ಲಿಷ್ ಪುಸ್ತಕ ಮಾತ್ರ ಅದೇ. ಒಂದು ಊರಿನಲ್ಲಿ ಮುಗಿದ ಪಾಠ ಇನ್ನೊಂದು ಊರಿನಲ್ಲಿ ಆಗ ತಾನೇ ಶುರುವಾಗಿರುತ್ತಿತ್ತು. ಹೀಗೆ ಒಂದೇ ಪಾಠವನ್ನು ಎರಡೆರಡು ಸಲ ಓದಿ ನಾನು ಜಾಣೆ ಅನ್ನಿಸಿಕೊಂಡೆ. ಆ ಗುಟ್ಟನ್ನು ಯಾರಿಗೂ ಹೇಳಲಿಲ್ಲ, ಯಾಕೆ ಹೇಳಲಿ?

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಟೈಪಿಂಗ್ ಕಲಿತೆ. ಎಪ್ಪತ್ತರ ದಶಕದ ಆರಂಭ ಅದು. ಕೋರ್ಟಿನ ಎದುರಿಗೆ ಒಬ್ಬ ಹಿರಿಯ ವಕೀಲರ ಆಫೀಸು ಇತ್ತು. ಅವರ ಟೈಪಿಸ್ಟು ಬೇರೆ ನೌಕರಿ ಸಿಕ್ಕು ಹೋದಾಗ ಅಪ್ಪನನ್ನು ಕೇಳಿ ನನ್ನನ್ನು ಕೂರಿಸಿಕೊಂಡರು. ಆ ಕೋರ್ಟು ನಾಲ್ಕು ಊರುಗಳಲ್ಲಿ ಯಾವ ಊರಿನದು ಅಂತ ನಾನು ಹೇಳುವುದಿಲ್ಲ. ಈ ಕತೆಯಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅದೇ ಓಣಿಗಳಲ್ಲಿದ್ದಾರೆ, ಜಾತ್ರೆ-ಜವಳದಲ್ಲಿ ಸಿಕ್ಕರೆ ನಕ್ಕು ಮಾತಾಡಿಸುತ್ತಾರೆ. ನನಗೆ ಆ ನಗು ಬೇಕು.

ಹುಡುಗಿಯೊಬ್ಬಳು ಮಷಿನ್ ಬಡಿಯುವುದನ್ನು ನೋಡಲು ಮೊದಲ ತಿಂಗಳು ಕಿಟಕಿಯ ಹತ್ತಿರ ಜನ ನಿಲ್ಲುತ್ತಿದ್ದರು. ವಾಯಿದೆಗೆ, ಅಂದರೆ ಕೋರ್ಟಿನ ತಾರೀಖಿಗೆ ಬಂದ ಹಳ್ಳಿಯ ಮಂದಿ ತಮ್ಮ ಕೆಲಸ ಮರೆತು, "ನೋಡೋ, ಮಾರಿ ಮ್ಯಾಲ ಮಾಡಿ ಬಡಿಯಾಕತ್ತಾಳ, ಕೀಲಿ ನೋಡೂದ ಇಲ್ಲ" ಅನ್ನುತ್ತಿದ್ದರು. ನಾನು ಇನ್ನೂ ಜೋರಾಗಿ ಬಡಿಯುತ್ತಿದ್ದೆ. ಟೈಪು ಮಾಡುವುದರ ಜೊತೆಗೆ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳ್ಳಿಗಳ ಹಳೆಯ ಕೈಬರಹದ ಕಾಗದಗಳನ್ನು ಕೋರ್ಟಿಗೆ ಹಾಕುವಾಗ ವಕೀಲರು ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಇಡುತ್ತಿದ್ದರು. ಆಗ ಇದ್ದ ನ್ಯಾಯಾಧೀಶರು ದಕ್ಷಿಣದ ಕಡೆಯವರು, ನಮ್ಮ ಕಡೆಯ ಬರಹ ಅವರಿಗೆ ಹೊಸದು. ಆ ಇಂಗ್ಲಿಷ್ ಮಾಡುವವಳು ನಾನು. ಕೆಳಗೆ 'ಇದು ಸರಿಯಾದ ಭಾಷಾಂತರ' ಅಂತ ಬರೆದು ನನ್ನದೇ ಸಹಿ ಹಾಕುತ್ತಿದ್ದೆ. ಆ ಸಹಿಗೆ ಒಂದು ಬಾಲ ಇತ್ತು. ಅದನ್ನು ಮನೆಯಲ್ಲಿ ಪಾಟಿಯ ಮೇಲೆ ಅಭ್ಯಾಸ ಮಾಡಿದ್ದೆ.

ಆ ಚಳಿಗಾಲದಲ್ಲಿ ಗೊಳಸಂಗಿಯ ಆಚೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ನಲವತ್ತರ ಒಳಗಿನ ವಯಸ್ಸು. ಹಣೆ ಬರಿದು, ಕೈ ಬರಿದು, ಮಾತು ಕಡಿಮೆ. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ದಿನಕರ್ಮ ಮುಗಿಯುವುದಕ್ಕೂ ಗಂಡನ ಅಣ್ಣ ಬಂದು ಮನೆಗೆ ಕೀಲಿ ಹಾಕುವುದಕ್ಕೂ ಸರಿ ಹೋಗಿತ್ತು. ಎರಡು ಅಂಕಣದ ಮನೆ, ಅದರ ಹಿಂದೆ ನಾಲ್ಕು ಎಕರೆ ಎರೆಹೊಲ. ಭಾವನ ವಾದ ಇಷ್ಟೇ: ಇವಳು ನನ್ನ ತಮ್ಮನ ಹೆಂಡತಿ ಅಲ್ಲ, ಮನೆಯಲ್ಲಿ ಇದ್ದವಳು ಅಷ್ಟೇ, ಅವನು ಹೋದ, ಇವಳೂ ಹೋಗಲಿ. ಮಕ್ಕಳಿಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲ. ಯಾರದೋ ಪಡಸಾಲೆಯ ಮೂಲೆಯಲ್ಲಿ ಮಲಗಿ, ಅವರ ಮನೆಯ ರೊಟ್ಟಿ ಬಡಿದು ಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಹೆಂಡತಿ ಅಂತ ಆದರೆ ಮನೆಯ ಕೀಲಿ ತೆರೆಯುತ್ತದೆ, ಇಲ್ಲದಿದ್ದರೆ ಅವಳಿಗೆ ಈ ಭೂಮಿಯ ಮೇಲೆ ತನ್ನದು ಅನ್ನುವ ಒಂದು ಹೊಸ್ತಿಲೂ ಇಲ್ಲ. ಮೊಕದ್ದಮೆ ಅಂದರೆ ಇದೇ.

ಅವಳ ಕೈಯಲ್ಲಿ ಒಂದೇ ಒಂದು ಕಾಗದ ಇತ್ತು. ಹದಿನಾಲ್ಕು ವರ್ಷದ ಹಿಂದೆ ಊರ ದೈವ, ಅಂದರೆ ಊರ ಹಿರಿಯರು ಕೂಡಿ ಬರೆಸಿದ್ದು. ನಾಲ್ಕು ಮಡಿಕೆ, ಮಡಿಕೆಯ ಜಾಗದಲ್ಲೆಲ್ಲ ತೂತು. ಅವಳ ಮೊದಲ ಗಂಡ ಸತ್ತಿದ್ದಾನೆ, ಈಗ ಇಂಥವನು ಅವಳನ್ನು ಉಡಿಕಿ ಮಾಡಿಕೊಂಡು ಮನೆಯಲ್ಲಿ ಇಟ್ಟುಕೊಂಡು ಬಾಳ್ವೆ ಮಾಡತಕ್ಕದ್ದು, ಇದಕ್ಕೆ ದೈವ ಒಪ್ಪಿದೆ, ಅಂತ ಅದರಲ್ಲಿತ್ತು. ಕೆಳಗೆ ಐದು ಹೆಬ್ಬೆಟ್ಟು, ಎರಡು ಸಹಿ.

ಉಡಿಕಿ. ಆ ಶಬ್ದ ನನಗೆ ಗೊತ್ತಿತ್ತು ಅಂತಲೇ ನಾನು ತಿಳಿದಿದ್ದೆ. ಹೆಂಗಸರು ನೀರಿನ ಬಾವಿಯ ಹತ್ತಿರ ಮಾತಾಡುವಾಗ, "ಆಕಿ ಉಡಿಕಿ ಆದಾಕಿ" ಅನ್ನುವ ಹೊತ್ತಿಗೆ ದನಿ ಇಳಿಯುತ್ತಿತ್ತು. ದನಿ ಇಳಿಸಿ ಹೇಳುವ ಮಾತು ಮರ್ಯಾದೆಯದ್ದಲ್ಲ ಅಂತ ನಾನೇ ಲೆಕ್ಕ ಹಾಕಿಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ. ಮಾಸ್ತರ ಮಗಳು ಇಂಥದ್ದನ್ನೆಲ್ಲ ಕೇಳುತ್ತಾಳೆಯೇ?

ವಕೀಲರ ಕಪಾಟಿನಿಂದ ದಪ್ಪನೆಯ ಇಂಗ್ಲಿಷ್-ಕನ್ನಡ ಶಬ್ದಕೋಶ ತೆಗೆದೆ. ಅದರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದಿತ್ತು, ಕನ್ನಡದಿಂದ ಇಂಗ್ಲಿಷಿಗೆ ಹೋಗಲು ದಾರಿ ಇರಲಿಲ್ಲ. ಹಾಗಾಗಿ ಅನುಮಾನ ಬಂದ ಇಂಗ್ಲಿಷ್ ಶಬ್ದವನ್ನೆಲ್ಲ ತೆಗೆದು, ಕೆಳಗಿನ ಕನ್ನಡ ಓದುತ್ತ ಹೋದೆ. 'ವೈಫ್' ತೆಗೆದೆ. ಹೆಂಡತಿ, ಪತ್ನಿ, ಮಡದಿ. ಇಷ್ಟು ಸುಲಭದ ಶಬ್ದಕ್ಕೆ ಭಾಷಾಂತರಕಾರಳು ಯಾಕೆ ಬೇಕು ಅನ್ನಿಸಿತು. ಅದೂ ಅಲ್ಲದೆ ಹೆಂಡತಿ ಅಂತಲೇ ಇದ್ದರೆ ದೈವದವರು ಹೆಂಡತಿ ಅಂತಲೇ ಬರೆಸುತ್ತಿದ್ದರಲ್ಲ? 'ವಿಡೋ' ಅಂದರೆ ವಿಧವೆ, ಅದು ಗಂಡ ಸತ್ತ ಮೇಲಿನ ಮಾತು. 'ಮಿಸ್ಟ್ರೆಸ್' ತೆಗೆದರೆ ಒಡತಿ, ಯಜಮಾನಿ, ಶಿಕ್ಷಕಿ, ಇನ್ನೂ ಏನೇನೋ. ಸಿಂದಗಿಯ ಸಾಲಿಯಲ್ಲಿ ನಮಗೆ ಹೊಲಿಗೆ ಕಲಿಸಿದ ಶಿಕ್ಷಕಿಯನ್ನೂ ಮಿಸ್ಟ್ರೆಸ್ ಅಂತಲೇ ಕರೆಯುತ್ತಿದ್ದರು, ಆ ಶಬ್ದ ಬೇಡ ಅಂತ ಬಿಟ್ಟೆ. ಕೊನೆಗೆ 'ಕಾನ್‌ಕ್ಯುಬೈನ್' ಸಿಕ್ಕಿತು. ಉಪಪತ್ನಿ, ಇಟ್ಟುಕೊಂಡವಳು. ಕಾಗದದಲ್ಲೂ 'ಇಟ್ಟುಕೊಂಡು' ಅಂತಲೇ ಇದೆ! ತಾಳೆ ಬಿತ್ತು. ಶಬ್ದ ನೋಡಲೂ ಘನವಾಗಿತ್ತು. ಇಂಗ್ಲಿಷ್ ಶಬ್ದ ಉದ್ದ ಇದ್ದಷ್ಟೂ ಬರೆದವರ ಓದು ಹೆಚ್ಚು ಅಂತ ಆಗ ನನ್ನ ನಂಬಿಕೆ. ಅದನ್ನೇ ಬಡಿದೆ, ಬಾಲದ ಸಹಿ ಹಾಕಿದೆ. ವಕೀಲರು ಅವತ್ತು ನಾಲ್ಕು ವಾಯಿದೆಯ ಗಡಿಬಿಡಿಯಲ್ಲಿದ್ದರು. ನನ್ನ ಮೇಲಿನ ವಿಶ್ವಾಸದಲ್ಲಿ ಓದದೆಯೇ ಬೇರೆ ಕಾಗದಗಳ ಜೊತೆ ಕೋರ್ಟಿಗೆ ಹಾಕಿದರು. ಎದುರು ಪಕ್ಷದವರಿಗೂ ಒಂದು ಪ್ರತಿ ಹೋಯಿತು. ಅವತ್ತು ಶನಿವಾರ.

ಮರುದಿನ ಭಾನುವಾರ ಮಧ್ಯಾಹ್ನ ಆಯಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಹಲಸಂಗಿ ಕಡೆಯ ಹೆಣ್ಣು. ಎಪ್ಪತ್ತರ ಹತ್ತಿರ ಬಂದಿದ್ದರೂ ಮೊರದಲ್ಲಿನ ಒಂದು ಹರಳು ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ, ಇನ್ನು ಮನುಷ್ಯರ ಮಾತು ತಪ್ಪಿಸುವುದು ದೂರ. ಅಕ್ಷರ ಬಾರದವಳು. ನನ್ನ ಇಂಗ್ಲಿಷ್ ಕೇಳುವುದೆಂದರೆ ಅವಳಿಗೆ ಬಹಳ ಹಿಗ್ಗು. ನಾನು ಕಾರ್ಬನ್ ಪ್ರತಿ ತಂದು ಗಟ್ಟಿಯಾಗಿ ಓದಿ, ಸಾಲು ಸಾಲಿಗೆ ಕನ್ನಡದಲ್ಲಿ ಅರ್ಥ ಹೇಳುವುದು ನಮ್ಮ ಭಾನುವಾರದ ಮನರಂಜನೆ. ಯಾವ ಊರು, ಯಾರು ಅಂತ ಹೇಳುತ್ತಿರಲಿಲ್ಲ, ಅಷ್ಟು ಬುದ್ಧಿ ಇತ್ತು.

ಆ ಶಬ್ದಕ್ಕೆ ಬಂದೆ. ಅರ್ಥ ಹೇಳಿದೆ. ಆಯಿಯ ಕೈ ಮೊರದ ಮೇಲೆ ನಿಂತಿತು.

"ಏನಂದಿ? ಇನ್ನೊಮ್ಮೆ ಹೇಳು."

"ಅಂದ್ರ, ಉಡಿಕಿ ಆದಾಕಿ ಅಂತ ಕನ್ನಡದಾಗ ಐತಿ ಆಯಿ. ಇಂಗ್ಲಿಷಿನ್ಯಾಗ ಇಟ್ಟಕೊಂಡಾಕಿ ಅಂತ ಬರದೇನಿ."

"ಉಡಿಕಿ ಅಂದ್ರ ಇಟ್ಟಕೊಂಡಾಕಿ ಅಂತ ನಿನಗ ಯಾರ್ ಹೇಳ್ಯಾರ?"

"ಪುಸ್ತಕದಾಗ ಐತಿ."

"ಪುಸ್ತಕ ಬರದಾವಗ ಯಾರ್ ಹೇಳ್ಯಾರ?" ಅಂದಳು ಆಯಿ. ಮೊರ ಪಕ್ಕಕ್ಕೆ ಇಟ್ಟಳು. "ಹಂಗಾದ್ರ ನಾ ನಿಮ್ಮ ಮುತ್ಯಾಗ ಏನಾಗಿದ್ನಿ? ನಿಮ್ಮಪ್ಪ ಯಾರ ಮಗಾ? ನೀ ಯಾರ ಮೊಮ್ಮಗಳು? ಅದನೂ ನಿನ್ನ ಪುಸ್ತಕದಾಗ ನೋಡಿ ಹೇಳು."

ನಾನು ಮೊದಲು ನಕ್ಕೆ. ಆಯಿ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಅಡಿಗೆ ಮನೆಯ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನನ್ನ ನಗು ಅಲ್ಲೇ ನಿಂತಿತು.

ಆಯಿ ಹೇಳಿದ್ದು ಬಹಳ ಉದ್ದದ ಕತೆಯಲ್ಲ. ಒಂಬತ್ತು ವರ್ಷಕ್ಕೆ ಲಗ್ನ, ಹನ್ನೆರಡಕ್ಕೆ ಆ ಗಂಡ ಜ್ವರದಿಂದ ಸತ್ತ. ಅವನ ಮುಖ ನೆನಪಿಲ್ಲ, ಬಲಗಾಲು ಸ್ವಲ್ಪ ಎಳೆಯುತ್ತಿದ್ದ ಅನ್ನುವುದು ಮಾತ್ರ ನೆನಪು. ಹದಿನೆಂಟರಲ್ಲಿ ಅವಳ ಅಣ್ಣಂದಿರು ದೈವ ಕೂಡಿಸಿ ನನ್ನ ಮುತ್ಯಾನ, ಅಂದರೆ ಅಜ್ಜನ ಜೊತೆ ಉಡಿಕಿ ಮಾಡಿದರು. ಸೀರೆ ಉಡಿಸಿ, ಬಳೆ ಇಡಿಸಿ, ತಾಳಿ ಕಟ್ಟಿಸಿದರು. ಮುತ್ತೈದೆಯರು ಆ ಹೊತ್ತಿಗೆ ಹತ್ತಿರ ಬರುವುದಿಲ್ಲ, ಅದು ರೂಢಿ. ಇಬ್ಬರು ವಿಧವೆಯರೇ ಬಳೆ ಇಡಿಸಿದರು. ಆಮೇಲೆ ನಲವತ್ತು ವರ್ಷ ಸಂಸಾರ, ಐದು ಮಕ್ಕಳು. ಮನೆಯ ಲಗ್ನಗಳಲ್ಲಿ ಆರತಿ ಎತ್ತುವ ಹೊತ್ತಿಗೆ ಆಯಿ ಯಾಕೆ ಅಡಿಗೆಯ ಕಡೆ ಹೋಗಿಬಿಡುತ್ತಾಳೆ ಅಂತ ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. ಮೊಳಕಾಲು ನೋವು ಅಂದಿದ್ದಳು. ನಾನು ನಂಬಿದ್ದೆ. ಉಡಿಕಿ ಆದವಳು ಗಂಡ ಬದುಕಿದ್ದರೂ ಆರತಿ ಎತ್ತುವ ಹಾಗಿಲ್ಲ ಅಂತ ಆಗ ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಪಡಸಾಲೆಯಲ್ಲೇ ಕೂತು ಜೋಳ ಕೇರುತ್ತಿದ್ದ ಅರ್ಥವನ್ನು ನಾನು ವಕೀಲರ ಕಪಾಟಿನಲ್ಲಿ ಹುಡುಕಿದ್ದೆ.

ನನಗೆ ನಾಚಿಕೆ ಆಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ನನ್ನ ಮೇಲೂ, ಬಾವಿಯ ಹತ್ತಿರ ದನಿ ಇಳಿಸಿದವರೆಲ್ಲರ ಮೇಲೂ. ಅವರು ಗಟ್ಟಿಯಾಗಿ ಮಾತಾಡಿದ್ದರೆ ನಾನು ಆ ಶಬ್ದವನ್ನು ಕೆಡಿಸುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ವಕೀಲರು ಚಹಾ ಕುಡಿಯುವ ಮೊದಲೇ ಅವರ ಮುಂದೆ ನಿಂತೆ. "ಸರ್, ಆ ಭಾಷಾಂತರ ತಪ್ಪೈತ್ರಿ. ತಪ್ಪು ನಂದು." ಅವರು ಪ್ರತಿ ತೆಗೆದು ಓದಿದರು. ಬೈಯುವುದು ಅವರ ಸ್ವಭಾವ ಅಲ್ಲ. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನಮ್ಮ ಕೈಲೆ ನಮ್ಮ ಕೊರಳು ಕೊಯ್ದಂಗಾತಲ್ಲವ್ವ ಇದು" ಅಂದರು. ಆ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ನಾಟಿತು. ಎದುರು ವಕೀಲರು ಅಷ್ಟರಲ್ಲೇ ಓದಿ ಮುಗಿಸಿದ್ದರಂತೆ. ಅವಳ ಕಾಗದವೇ ಅವಳು ಹೆಂಡತಿ ಅಲ್ಲ ಅನ್ನುತ್ತದೆ, ನಮಗೆ ಇನ್ನು ಸಾಕ್ಷಿ ಯಾಕೆ ಬೇಕು ಅಂತ ಬಾರ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದರಂತೆ.

ಅವತ್ತು ಬೆಳಗಿನಿಂದ ಊಟದ ಹೊತ್ತಿನವರೆಗೂ ನಾವಿಬ್ಬರೂ ಒಂದು ಶಬ್ದದ ಹಿಂದೆ ಬಿದ್ದೆವು. ಸೆಕೆಂಡ್ ವೈಫ್ ಅಂದರೆ ಹೇಗೆ ಅಂದೆ. "ಹಂಗಂದ್ರ ಮೊದಲನೇ ಹೆಂಡ್ತಿ ಇದ್ದಾಗ ಇನ್ನೊಂದ ಮಾಡ್ಕೊಂಡಂಗ ಆಕ್ಕೈತಿ. ಆ ಮನಶ್ಯಾಗ ಇದ್ದಾಕಿ ಈಕಿ ಒಬ್ಬಾಕಿನ" ಅಂದರು. ರಿಮ್ಯಾರೀಡ್ ವಿಡೋ? ಅದು ಅರ್ಧ ಸರಿ, ಅವಳು ಯಾರು ಅನ್ನುತ್ತದೆ, ಅವನಿಗೆ ಏನಾಗಬೇಕು ಅನ್ನುವುದಿಲ್ಲ. ಕೊನೆಗೆ ಉಡಿಕಿ ಅನ್ನುವುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಇಟ್ಟು, ವಿಧವೆಯನ್ನು ದೈವದ ಒಪ್ಪಿಗೆಯಿಂದ ಹೆಂಡತಿಯಾಗಿ ಮಾಡಿಕೊಳ್ಳುವ ರೂಢಿಯ ಲಗ್ನ ಅಂತ ವಿವರಿಸಿ, ಮುಂದೆ 'ವೈಫ್' ಅಂತ ಬರೆದೆವು. ತಪ್ಪು ನನ್ನದು ಅಂತ ನಾನು ಅಫಿಡವಿಟ್ ಕೊಟ್ಟೆ. ಹೊಸ ಸಹಿಗೆ ಬಾಲ ಇರಲಿಲ್ಲ.

ಎದುರು ವಕೀಲರು ಬಿಡಬೇಕಲ್ಲ. ಈ ಹುಡುಗಿ ಅವರ ಆಫೀಸಿನ ಸಂಬಳದವಳು, ಶನಿವಾರ ಒಂದು ಅರ್ಥ, ಸೋಮವಾರ ಇನ್ನೊಂದು ಅರ್ಥ, ಯಾವುದನ್ನು ನಂಬಬೇಕು ಅಂದರು. ನಿಜ ಹೇಳಬೇಕೆಂದರೆ ನಾನು ಆ ಜಾಗದಲ್ಲಿದ್ದರೂ ಹಾಗೇ ಕೇಳುತ್ತಿದ್ದೆ. ನ್ಯಾಯಾಧೀಶರು, ಉಡಿಕಿ ಅಂದರೆ ಏನು ಅಂತ ತಿಳಿದವರ ಸಾಕ್ಷಿ ಹಾಕಿಸಿ ಅಂದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಐವರಲ್ಲಿ ನಾಲ್ವರು ತೀರಿಹೋಗಿದ್ದರು. ಉಳಿದ ಒಬ್ಬನಿಗೂ ಸಹಿ ಹಾಕಿದ ಇಬ್ಬರಿಗೂ ಭಾವನ ಹಂಗು. ಉಡಿಕಿ ಆದ ಹೆಂಗಸರು ಸುತ್ತಮುತ್ತ ಇಲ್ಲ ಅಂತಲ್ಲ. ಆದರೆ ದನಿ ಇಳಿಸಿ ಹೇಳುವುದನ್ನು ಕಟಕಟೆಯಲ್ಲಿ ನಿಂತು ಹೇಳು ಅಂದರೆ ಯಾರು ಬರುತ್ತಾರೆ, ಅಂತ ಸಂಜೆ ಮನೆಯಲ್ಲಿ ಹೇಳಿಕೊಂಡೆ.

"ನಾ ಬರ್ತೇನಿ" ಅಂದಳು ಆಯಿ.

ಅಪ್ಪ ಚಹಾ ಕಪ್ಪು ಕೆಳಗೆ ಇಟ್ಟರು. ಅಪ್ಪ ದನಿ ಏರಿಸುವ ಮನುಷ್ಯ ಅಲ್ಲ. ಅವತ್ತು ಏರಿಸಿದರು. ಊರಿನಲ್ಲಿ ಮಾಸ್ತರ ಅಂತ ಮರ್ಯಾದೆ ಇದೆ, ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲದ್ದನ್ನು ಈಗ ಡಂಗುರ ಸಾರುವುದೇ? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮುದ್ದೇಬಿಹಾಳದ ಕಡೆಯಿಂದ ನನಗೆ ಒಂದು ಸಂಬಂಧ ಬಂದಿತ್ತು. ನೋಡಿ ಹೋಗಿದ್ದರು, ಒಪ್ಪಿದ್ದರು, ಮಾತು ಮುಗಿಸುವುದಷ್ಟೇ ಬಾಕಿ.

"ಯವ್ವಾ, ಈಕಿ ಲಗ್ನ ಆಗೂತನಕಾರ ಸುಮ್ಮನಿರು" ಅಂದರು ಅಪ್ಪ.

"ಆ ಹೆಣ್ಣಮಗಳ ಮನಿ ಕೀಲಿ ನಿನ್ನ ಮಗಳ ಲಗ್ನದ ತನಕ ಕಾಯ್ತೈತೇನು?" ಅಂದಳು ಆಯಿ. "ತಪ್ಪು ಬರದಾಕಿ ನಮ್ಮ ಮನಿ ಕೂಸು. ನಮ್ಮ ಮನೀಯವರನ ತಿದ್ದಬೇಕು."

ಅಪ್ಪ ನನ್ನ ಕಡೆ ನೋಡಿದರು. ನಾನು ಬೇಡ ಅನ್ನುತ್ತೇನೆ ಅಂತ ಅವರಿಗೆ ಆಸೆ ಇತ್ತು. ವರ ಚೆನ್ನಾಗಿದ್ದ, ಸುಳ್ಳು ಹೇಳುವುದಿಲ್ಲ, ನನಗೂ ಮನಸ್ಸಿತ್ತು. ಒಂದು ಚಣ ಹಿಂದೆ ಮುಂದೆ ನೋಡಿದೆ. ಆಮೇಲೆ ಪಡಸಾಲೆಯ ಮೂಲೆಯಲ್ಲಿ ಮಲಗುವವಳ ಬರಿಗೈ ನೆನಪಾಯಿತು. "ಆಯಿ ಬರ್ಲಿ ಅಪ್ಪ" ಅಂದೆ. ಅಪ್ಪ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದರು. ಸಾಕ್ಷಿಯ ವಿಷಯ ಎಂಟು ದಿನದೊಳಗೆ ಮುದ್ದೇಬಿಹಾಳ ಮುಟ್ಟಿತು, ಸಂಬಂಧ ಮುರಿಯಿತು. ಅವರು ಕಾರಣ ಹೇಳಲಿಲ್ಲ, ಜಾತಕ ಅಂದರು. ನಾನು ಎರಡು ದಿನ ಅತ್ತೆ, ಮೂರನೇ ದಿನ ಊಟ ಮಾಡಿದೆ. ಮುಂದೆ ನನ್ನ ಲಗ್ನ ಆಯಿತು, ಚೆನ್ನಾಗಿಯೇ ಆಯಿತು, ಅದು ಬೇರೆ ಕತೆ.

ವಾಯಿದೆಯ ದಿನ ಆಯಿ ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟಳು. ಎಲೆ-ಅಡಿಕೆಯ ಸಂಚಿ ನನ್ನ ಕೈಗೆ ಕೊಟ್ಟಳು. ಅಪ್ಪ ಬರುವುದಿಲ್ಲ ಅಂದಿದ್ದರು. ಕೋರ್ಟಿನ ಕಟ್ಟೆಯ ಹತ್ತಿರ ನೋಡಿದರೆ ಸಾಲಿಗೆ ರಜೆ ಹಾಕಿ ನಮಗಿಂತ ಮೊದಲೇ ಬಂದು ನಿಂತಿದ್ದರು. ಆಯಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಅಪ್ಪನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ನಾಲ್ಕು ಮೆಟ್ಟಿಲಲ್ಲಿ ಇಳಿದುಹೋಯಿತು.

ಒಳಗೆ ಒಂದು ಬೆಂಚಿನ ಮೇಲೆ ನಮ್ಮ ಹೆಣ್ಣುಮಗಳು. ಹಿಂದಿನ ಬೆಂಚಿನ ಮೇಲೆ ಅವಳ ಭಾವ, ಅವನ ಪಕ್ಕದಲ್ಲಿ ಅವನ ಹೆಂಡತಿ. ಅಂದರೆ ಇವಳಿಗೆ ನೆಗೆಣ್ಣಿ. ತಲೆಯ ಮೇಲಿನ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದಳು. ಆಯಿ ಕಟಕಟೆ ಹತ್ತಿ ತನ್ನ ಕತೆಯನ್ನು ಪಡಸಾಲೆಯಲ್ಲಿ ಹೇಳಿದಷ್ಟೇ ಸರಳವಾಗಿ ಹೇಳಿದಳು. ದನಿ ಇಳಿಸಲಿಲ್ಲ. ನ್ಯಾಯಾಧೀಶರಿಗೆ ನಮ್ಮ ಮಾತು ತಿಳಿಯದ ಕಡೆ ನಮ್ಮ ವಕೀಲರು ಬಿಡಿಸಿ ಹೇಳಿದರು. ಆಮೇಲೆ ಎದುರು ವಕೀಲರು ಎದ್ದರು.

"ಆಯಿ, ನಿಮ್ಮ ಉಡಿಕ್ಯಾಗ ಅಕ್ಕಿಕಾಳು ಬಿದ್ದಿದ್ದುವೇನ್ರಿ?" ಅಂದರು. ಅಕ್ಕಿಕಾಳು ಅಂದರೆ ಲಗ್ನದ ಅಕ್ಷತೆ.

"ಇಲ್ರಿ."

"ಬಾಜಾ-ಬಜಂತ್ರಿ?"

"ಇಲ್ರಿ."

"ಮುತ್ತೈದೇರು ಆರತಿ ಮಾಡಿದ್ರೇನು?"

"ಇಲ್ರಿ. ಮಾಡೂದಿಲ್ಲ."

"ಅಕ್ಕಿಕಾಳಿಲ್ಲ, ಬಾಜಾ ಇಲ್ಲ, ಆರತಿ ಇಲ್ಲ. ಮತ್ತ ಇದು ಲಗ್ನ ಹೆಂಗಾತು?" ಅಂತ ಅವರು ನಮ್ಮ ಕಡೆ ತಿರುಗಿ ನಕ್ಕರು. ಮೂರು ಪ್ರಶ್ನೆಗೂ ಇಲ್ಲ ಅಂತಲೇ ಉತ್ತರ. ನಾನು ಬರೆದ ತಪ್ಪಿನ ಮೇಲೆ ಆಯಿಯೇ ಮೊಹರು ಒತ್ತಿದಂತೆ ಆಗಿತ್ತು.

ಆಯಿ ಮಾತ್ರ ಅವಸರ ಮಾಡಲಿಲ್ಲ. "ಸಾಹೇಬ್ರ, ನನಗೂ ಒಂದ್ ಕೇಳೂದೈತ್ರಿ" ಅಂದಳು.

ಸಾಕ್ಷಿ ಹೇಳುವವರು ಪ್ರಶ್ನೆ ಕೇಳುವ ಹಾಗಿಲ್ಲ ಅಂದರು ನ್ಯಾಯಾಧೀಶರು.

"ಹಂಗಾದ್ರ ಕೇಳೂದಿಲ್ರಿ, ಹೇಳ್ತೇನಿ" ಅಂದಳು. ಎರಡೂ ಬರಿಗೈಗಳನ್ನು ಕಟಕಟೆಯ ಕಟ್ಟಿಗೆಯ ಮೇಲೆ ಇಟ್ಟಳು. "ಹನ್ನೆರಡು ವರ್ಷದಾಕಿ ಇದ್ದಾಗ ಮೊದಲಿನ ಗಂಡ ಸತ್ತ. ಹಿಡದು ಕುಂದ್ರಿಸಿ ಕೈಯಾನ ಬಳಿ ಒಡದ್ರು. ಮುಂದ ಉಡಿಕಿ ಆತು. ಎಂಟು ವರ್ಷದ ಹಿಂದ ಇವರು ತೀರಿಕೊಂಡ್ರು. ಆವಾಗನೂ ಬಳಿ ಒಡದ್ರು. ಅಕ್ಕಿಕಾಳು ಬಿದ್ದ ಗಂಡಗೂ ಬಳಿ ಒಡದ್ರು, ಬೀಳದ ಗಂಡಗೂ ಬಳಿ ಒಡದ್ರು. ಇಟ್ಟಕೊಂಡಾಕಿ ಬಳಿ ಯಾರ್ ಒಡೀತಾರ್ರಿ? ಆಕಿ ಕೈಗೆ ಯಾರ್ ಹೋಗ್ತಾರ? ಸತ್ತಾವ ಆಕಿ ಗಂಡ ಅಂತ ಊರು ಒಪ್ಪಿದ್ರನ ಬಳಿ ಒಡೀತಾರ್ರಿ. ಆರತಿ ಹೊತ್ತಿಗೆ ಹೆಂಡತಿ ಅಲ್ಲ ಅಂತೀರಿ, ಬಳಿ ಒಡಿಯೂ ಹೊತ್ತಿಗೆ ಹೆಂಡತಿ ಅಂತೀರಿ. ಯಾವುದಾರ ಒಂದ್ ಹೇಳ್ರಿ."

ಆಯಿ ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಹೆಣ್ಣುಮಗಳ ಕಡೆ ತಿರುಗಿ, "ಯವ್ವಾ, ನಿನ್ನ ಬಳಿ ಯಾರ್ ಒಡದ್ರು?" ಅಂದಳು.

ಕೇಳಬೇಡಿ ಅಂತ ನ್ಯಾಯಾಧೀಶರು ಕೈ ಎತ್ತಿದರು. ಹೆಣ್ಣುಮಗಳು ತಿರುಗಿ ಹಿಂದಿನ ಬೆಂಚನ್ನು ನೋಡಿದಳು, ಅಷ್ಟೇ. ಅಲ್ಲಿ ನೆಗೆಣ್ಣಿ ಎದ್ದು ನಿಂತಿದ್ದಳು. ಸೆರಗು ಮುಖದಿಂದ ಸರಿದಿತ್ತು.

"ನಾನ ಒಡದೇನ್ರಿ" ಅಂದಳು.

"ಏ, ಕೂಡು" ಅಂತ ಅವಳ ಗಂಡ ಸೆರಗು ಹಿಡಿದು ಎಳೆದ.

"ಕೂಡೂದಿಲ್ಲ. ಮೈದುನನ ಹೆಣ ಅಂಗಳದಾಗ ಇತ್ತು. ನೀನ ಅಂದಿ, ಆಕೀನ ಹೊರಗ ಕರಕೊಂಡ ಬಾ, ಬಳಿ ಒಡಿ ಅಂತ. ನನ್ನ ಕೈಲೆ ಒಡದೇನಿ. ಹೆಂಡತಿ ಅಲ್ಲದಾಕಿ ಬಳಿ ನಾ ಯಾಕ ಒಡೀಲಿ?"

ಅವಳು ಅಳುತ್ತಿದ್ದಳು. ನನಗೂ ಕಣ್ಣು ತುಂಬಿ ಎದುರಿಗಿದ್ದ ಕಾಗದ ಕಾಣಲಿಲ್ಲ. ನ್ಯಾಯಾಧೀಶರು ಅವಳ ಮಾತು ಬರೆದುಕೊಳ್ಳಲಿಲ್ಲ. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡದವರ ಮಾತು ಬರೆದುಕೊಳ್ಳುವ ಹಾಗಿಲ್ಲ. ಆದರೆ ಪೆನ್ನಿನ ಟೊಪ್ಪಿಗೆ ಹಾಕಿ, ಎದುರು ವಕೀಲರನ್ನು ಸುಮ್ಮನೆ ನೋಡಿದರು. ಇನ್ನೇನೂ ಕೇಳುವುದಿಲ್ಲ ಅಂತ ಎದುರು ವಕೀಲರು ಕೂತರು. ಸಂಜೆಯ ಒಳಗೆ ಅವರ ಕಡೆಯಿಂದಲೇ ರಾಜಿಯ ಮಾತು ಬಂತು. ಮನೆ ಮತ್ತು ಹೊಲ ಅವಳಿಗೆ, ಕೀಲಿಕೈ ಕೋರ್ಟಿನ ಎದುರೇ ಅವಳ ಕೈಗೆ.

ರಾಜಿಪತ್ರವನ್ನು ನಾನೇ ಟೈಪು ಮಾಡಿದೆ. ಇಂಗ್ಲಿಷಿನಲ್ಲಿದ್ದ ಕಾಗದ, ಹೆಬ್ಬೆಟ್ಟು ಒತ್ತುವ ಮೊದಲು ಓದಿ ಕನ್ನಡದಲ್ಲಿ ತಿಳಿಸಬೇಕು. ಅವಳು ನಮ್ಮ ಆಫೀಸಿನ ನೆಲದ ಮೇಲೆ ಕೂತಿದ್ದಳು, ಕುರ್ಚಿ ಕೊಟ್ಟರೆ ಒಲ್ಲೆ ಅಂದಳು. ನಾನೂ ಕೆಳಗೆ ಕೂತೆ. ಮೊದಲ ಸಾಲಿನಲ್ಲಿ ಅವಳ ಹೆಸರು, ಅದರ ಮುಂದೆ ತೀರಿಹೋದವನ ಹೆಸರು ಹೇಳಿ, "ಇವರ ಹೆಂಡತಿ" ಅಂತ ಓದಿ, ಹೊಲದ ಚೆಕ್ಕುಬಂದಿಯ ಸಾಲಿಗೆ ಹೊರಟೆ. ಅವಳು ಕಾಗದದ ಮೇಲೆ ಕೈ ಇಟ್ಟಳು.

"ಹೊಲದ್ದು ಇರ್ಲಿ ಬಿಡ್ರೆವ್ವಾ" ಅಂದಳು. "ಮೊದಲಿಂದು ಇನ್ನೊಮ್ಮೆ ಓದ್ರಿ."

ಓದಿದೆ.

"ಇನ್ನೊಮ್ಮೆ" ಅಂದಳು.